ಬಟಾಣಿಯಷ್ಟು ಗಂಟು

ಪೀಣ್ಯದ ಕಾರ್ಖಾನೆಗಳ ಮಗ್ಗುಲಲ್ಲಿ ಬೆಳೆದ ಲಗ್ಗೆರೆಯ ಮನೆಗಳಲ್ಲಿ ಬೆಕ್ಕು ಹೊಸ ಅತಿಥಿಯೇನಲ್ಲ. ಇಲಿಯ ಕಾಟಕ್ಕೆಂದು ತಂದ ಮರಿ ಮಕ್ಕಳ ಒಡನಾಡಿಯಾಗಿ, ಕಡೆಗೆ ಮನೆಯವರಲ್ಲಿ ಒಂದಾಗಿಬಿಡುತ್ತದೆ. ಆದರೆ ತನ್ನ ನೋವನ್ನು ಅದು ಸುಲಭವಾಗಿ ತಿಳಿಯಗೊಡುವುದಿಲ್ಲ. ಮೇವು ಬಿಟ್ಟು, ಮೈಯಿಳಿದು, ಮಂಚದ ಕೆಳಗೆ ಮುದುಡಿ ಕುಳಿತ ಬೆಕ್ಕನ್ನು ಕಂಡು, ‘ವಯಸ್ಸಾಯಿತು’ ಎಂದು ಮನೆಯವರು ಸುಮ್ಮನಾಗುವುದುಂಟು. ಕೆಲವೊಮ್ಮೆ ಅದಕ್ಕೆ ಕಾರಣ ಕ್ಯಾನ್ಸರ್.

ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳಲ್ಲಿ ಲಿಂಫೋಮ ಒಂದು. ಅದನ್ನು ಉಂಟುಮಾಡಬಲ್ಲ ವೈರಸ್ಸೊಂದನ್ನು 1964ರಲ್ಲಿ ಗ್ಲಾಸ್ಗೋ ನಗರದ ವಿಲಿಯಂ ಜ್ಯಾರೆಟ್ ಮತ್ತು ಸಂಗಡಿಗರು ಪತ್ತೆಹಚ್ಚಿದರು. ಎಂಜಲಿನ ಮೂಲಕ ಬೆಕ್ಕಿನಿಂದ ಬೆಕ್ಕಿಗೆ ಹರಡುವ ಈ ವೈರಸ್ಸು ಮನುಷ್ಯರಿಗೆ ತಗಲುವುದಿಲ್ಲ. ಬಿಳಿಯ ಬೆಕ್ಕುಗಳ ಕಿವಿಯಂಚಿನಲ್ಲಿ, ಮೂಗಿನ ತುದಿಯಲ್ಲಿ ಬಿಸಿಲಿನ ದೆಸೆಯಿಂದ ಮಾಯದ ಹುಣ್ಣಾಗಿ ತೋರುವುದು ಇನ್ನೊಂದು ಬಗೆ. ಮೂರನೆಯದು ಹೆಣ್ಣು ಬೆಕ್ಕಿನ ಮೊಲೆಯ ಗಂಟು. 100ರಲ್ಲಿ 80ಕ್ಕೂ ಮಿಕ್ಕಿ ಇಂತಹ ಗಂಟುಗಳು ಕ್ಯಾನ್ಸರೇ ಆಗಿರುತ್ತವೆ.

ಗಂಟಿನ ಸ್ವರೂಪ ಬರಿಗಣ್ಣಿಗೆ ತಿಳಿಯದು. ವೈದ್ಯರು ಸಣ್ಣ ಸೂಜಿಯಿಂದ ಜೀವಕಣಗಳನ್ನು ಹೀರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಗತ್ಯವಾದರೆ ಗಂಟಿನ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ರೋಗ ಶ್ವಾಸಕೋಶಕ್ಕೆ ಹರಡಿದೆಯೇ ಎಂಬುದನ್ನು ಎದೆಯ ಕ್ಷಕಿರಣ ಚಿತ್ರದಿಂದ ಅರಿಯುತ್ತಾರೆ. ಮೊಲೆಯ ಗಂಟು 2 ಸೆಂಟಿಮೀಟರಿಗಿಂತ ಚಿಕ್ಕದಾಗಿರುವಾಗಲೇ ಶಸ್ತ್ರಚಿಕಿತ್ಸೆಯಾದರೆ ಬೆಕ್ಕು ಹಲವು ವರ್ಷ ಬಾಳಬಹುದು; 3 ಸೆಂಟಿಮೀಟರು ದಾಟಿದ ಮೇಲೆ ಉಳಿಯುವ ಆಯುಸ್ಸು ಬಹುಮಟ್ಟಿಗೆ ತಿಂಗಳುಗಳ ಲೆಕ್ಕದ್ದು. ಬಟಾಣಿಯಷ್ಟಿದ್ದಾಗ ಕಂಡ ಗಂಟನ್ನು ನಿಂಬೆಯಷ್ಟಾಗುವ ತನಕ ಬಿಡಲಾಗದು.

ಲಿಂಫೋಮಕ್ಕೆ ಔಷಧ ಚಿಕಿತ್ಸೆಯುಂಟು. ಮನುಷ್ಯರಂತೆ ಬೆಕ್ಕಿನ ಕೂದಲು ಪೂರ್ತಿ ಉದುರುವುದು ಅಪರೂಪ. ಮೀಸೆ ಮಾತ್ರ ಉದುರೀತು. ಅನೇಕ ವೇಳೆ ಈ ಚಿಕಿತ್ಸೆಯ ಗುರಿ ರೋಗವನ್ನು ನಿರ್ಮೂಲ ಮಾಡುವುದಕ್ಕಿಂತ, ಉಳಿದ ದಿನಗಳನ್ನು ಸುಖವಾಗಿಸುವುದೇ ಆಗಿರುತ್ತದೆ. ಹಸಿವು ಸತ್ತು, ನೋವು ಔಷಧಕ್ಕೂ ಬಗ್ಗದಿದ್ದಾಗ ಶಾಂತ ಮರಣದ ಮಾತೂ ಬರುತ್ತದೆ. ಆ ನಿರ್ಧಾರ ಮನೆಮಂದಿಗೆ ಕಠಿಣವಾದುದೇ ಸರಿ.

ನೋವೆಂದು ಮನೆಯ ಪ್ಯಾರಾಸಿಟಮಾಲ್ ಕೊಡುವುದು ಘೋರ ತಪ್ಪು. ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಲಗ್ಗೆರೆಯಿಂದ ಹೊರವರ್ತುಲ ರಸ್ತೆ ಹಿಡಿದರೆ ಹೆಬ್ಬಾಳ ಬಹಳ ದೂರವಲ್ಲ. 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಅಲ್ಲಿದೆ.

ಹೆಣ್ಣು ಮರಿಗೆ 6 ತಿಂಗಳು ತುಂಬುವ ಮುನ್ನವೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಮೊಲೆಯ ಕ್ಯಾನ್ಸರಿನ ಭಯ ಬಹುಪಾಲು ನೀಗುತ್ತದೆ. ಇನ್ನು, ಮಡಿಲಿಗೆ ಬಂದ ಬೆಕ್ಕಿನ ಬೆನ್ನು ಸವರುವ ಕೈ ವಾರಕ್ಕೊಮ್ಮೆ ಅದರ ಹೊಟ್ಟೆ, ಕುತ್ತಿಗೆ, ಕಿವಿಗಳನ್ನೂ ಸವರಲಿ. ಅದು ಹೇಳದ ನೋವು ಆ ಬೆರಳುಗಳಿಗೆ ತಿಳಿದೀತು.