ಶಿರಾಳಕೊಪ್ಪದ ಆಚೆ ಏನಿದೆ?

"ಶಿರಾಳಕೊಪ್ಪ ದಾಟಿದ್ರೆ ಏನೂ ಇಲ್ಲ ಸಾರ್, ಬರೀ ಮರುಭೂಮಿ." ಚುನಾವಣೆ ವರದಿಗೆ ಹೊರಟಾಗ ನಮ್ಮ ಕ್ಯಾಮೆರಾ ಹುಡುಗ ಹೇಳಿದ ಮಾತು. ಮರಳು ಅಂತಲ್ಲ ಅವನ ಅರ್ಥ. ಒಳ್ಳೆ ಹೋಟೆಲ್ ಇಲ್ಲ, ನೆಟ್‌ವರ್ಕ್ ಇಲ್ಲ, ಲೈವ್ ಕೊಡೋಕಾಗಲ್ಲ, ಅಷ್ಟೇ.

ಆಸ್ಟ್ರೇಲಿಯಾದ ನಿಜವಾದ ಮರುಭೂಮಿಯಲ್ಲಿ ಕೂಬರ್ ಪೀಡಿ ಅಂತ ಒಂದು ಊರಿದೆ. 1915ರಲ್ಲಿ ಅಲ್ಲಿ ಓಪಲ್ ರತ್ನ ಸಿಕ್ಕಿತು. ಬಿಸಿಲು ತಡೆಯಲಾರದೆ ಜನ ನೆಲದೊಳಗೇ ಮನೆ ಕೊರೆದುಕೊಂಡರು. ಅದನ್ನು ನೋಡೋಕೆ ಎಲ್ಲೆಲ್ಲಿಂದಲೋ ಪ್ರವಾಸಿಗಳು ಹೋಗ್ತಾರೆ. ನಾವು ತಾಳಗುಂದಕ್ಕೆ ಹೋಗಲ್ಲ. ಅವತ್ತು ನಾನು ಗಾಡಿ ಅಲ್ಲಿಗೇ ತಿರುಗಿಸಿದೆ.

ಶಿಕಾರಿಪುರ ತಾಲ್ಲೂಕಿನ ಈ ಊರಲ್ಲಿ ಪ್ರಣವೇಶ್ವರ ದೇಗುಲದ ಮುಂದೆ ಒಂದು ಕಲ್ಲಿನ ಕಂಬ. ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಗೆ ಓದೋಕೆ ಹೋದದ್ದು, ಪಲ್ಲವರ ಕುದುರೆ ಸವಾರನ ಜೊತೆ ಜಗಳವಾದದ್ದು, ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ್ದು, ಇದೆಲ್ಲ ನಮಗೆ ಗೊತ್ತಾಗಿದ್ದೇ ಈ ಕಂಬದಿಂದ. 5ನೇ ಶತಮಾನದ್ದು. ಶಾಂತಿವರ್ಮನ ಕಾಲದಲ್ಲಿ ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ಬರೆದದ್ದು. ಆದರೆ ಕಂಬ ನೆಟ್ಟಿದ್ದು ಯಾಕೆ? ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಶಿವಾಲಯದ ಹತ್ತಿರ ಒಂದು ಕೆರೆ ಕಟ್ಟಿಸಿದ್ದ. ಅದನ್ನು ಹೇಳೋಕೆ! ಈಗಿನ ಭಾಷೆಯಲ್ಲಿ ಅದು ಕಾಮಗಾರಿಯ ಬೋರ್ಡು. ನಾವು ಪಾಠ ಮಾಡಿಕೊಂಡಿರೋ ರಾಜವಂಶದ ಚರಿತ್ರೆ ಆ ಬೋರ್ಡಿನ ಪೀಠಿಕೆ.

ಪಕ್ಕದಲ್ಲೇ ಬಳ್ಳಿಗಾವಿ. ಒಂದು ಕಾಲಕ್ಕೆ ಬನವಾಸಿ ನಾಡಿನ ರಾಜಧಾನಿ, ಈಗ ಹಳ್ಳಿ. ಅಲ್ಲಿಯ ಕೇದಾರೇಶ್ವರ ದೇಗುಲಕ್ಕೆ ಸೇರಿದ್ದು ಕೋಡಿಯ ಮಠ. 1162ರ ಶಾಸನ ನೋಡಿ: ಬಡವರಿಗೆ, ಕುರುಡರಿಗೆ, ಕಿವುಡರಿಗೆ ಅಲ್ಲಿ ಊಟ, ರೋಗಿಗಳಿಗೆ ಔಷಧ, ಓದುವವರಿಗೆ ವೇದ, ವ್ಯಾಕರಣ, ದರ್ಶನ. ಇಂಥ ಮಠದ ಹೆಸರಲ್ಲೂ ಕೋಡಿ, ಅಂದರೆ ಕೆರೆ ತುಂಬಿ ಹರಿಯೋ ಜಾಗ.

ಸೊರಬದ ದಾರಿಯಲ್ಲಿ ಒಂದು ಸಣ್ಣ ಕೆರೆ ಏರಿಯ ಮೇಲೆ ಯಜಮಾನರೊಬ್ಬರು ಸಿಕ್ಕರು. "ಟಿವಿಯೋರು ಬರ್ತೀರಿ, ಕಲ್ಲು ತೋರಿಸ್ತೀರಿ, ಹೋಗ್ತೀರಿ. ಈ ಕೆರೆ ತೋರ್ಸಿ" ಅಂದರು. ಅವರೇ ಬಿಡಿಸಿ ಹೇಳಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ತೂಬು ಎತ್ತಿದರೆ ಗದ್ದೆಗೆ. ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ನೋಡೋಕೆ ನೀರಗಂಟಿ. ಬೇಸಿಗೆಯಲ್ಲಿ ಹೂಳು ತೆಗೆದು ಹೊಲಕ್ಕೆ ಹೊಡೆದರೆ ಕೆರೆಯೂ ಆಳ, ಹೊಲಕ್ಕೂ ಗೊಬ್ಬರ. ಈ ಸರಪಳಿಯಲ್ಲಿ ಒಂದು ಹಳ್ಳ ಒತ್ತುವರಿಯಾದರೆ ಕೆಳಗಿನ ಅಷ್ಟೂ ಕೆರೆ ಕಾಯಬೇಕು. ಮನೆಮನೆಗೆ ಬೋರ್‌ವೆಲ್ ಬಂದ ಮೇಲೆ ಹಳ್ಳದ ಕಡೆ ನೋಡೋರೇ ಇಲ್ಲ. ಭತ್ತದ ಗದ್ದೆಗೆ ಅಡಿಕೆ ಬಂತು. ಅಡಿಕೆಗೆ ಬೇಸಿಗೆಯಲ್ಲೂ ನೀರು ಬೇಕು, ಅದಕ್ಕೆ ಇನ್ನೊಂದು ಬೋರು. ರೈತರನ್ನು ನಾನು ದೂರಲ್ಲ. ಭತ್ತಕ್ಕೆ ಸಿಗೋ ಬೆಲೆ ನಿಮಗೂ ಗೊತ್ತು.

ಇವು ಕೇಳೋರಿಲ್ಲದ ತಾಲ್ಲೂಕುಗಳೂ ಅಲ್ಲ. ಸೊರಬದ ಕುಬಟೂರಿನಿಂದ ಬಂಗಾರಪ್ಪ, ಶಿಕಾರಿಪುರದಿಂದ ಯಡಿಯೂರಪ್ಪ, ಅಕ್ಕಪಕ್ಕದ ಎರಡು ತಾಲ್ಲೂಕು ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿವೆ. ತುಂಗಭದ್ರೆಯಿಂದ ನೀರೆತ್ತಿ ಕೆರೆ ತುಂಬಿಸೋಕೆ ಉಡುಗಣಿ-ತಾಳಗುಂದ-ಹೊಸೂರು ಏತ ನೀರಾವರಿ, ಸೊರಬದ ಕಡೆ ವರದೆಯಿಂದ ಮೂಡಿ ಯೋಜನೆ. ಬೇಕಾದದ್ದೇ, ನಾನು ವಿರೋಧಿಯಲ್ಲ. ಆದರೆ ಪಂಪು ನೀರನ್ನು ಒಂದು ಕೆರೆಗೆ ತಂದು ಬಿಡುತ್ತೆ. ಅಲ್ಲಿಂದ ಮುಂದಿನ ಕೆರೆಗೆ ಹೋಗೋಕೆ ಅದೇ ಹಳೇ ಹಳ್ಳ ಬೇಕಲ್ಲ? ಅದನ್ನು ಬಿಡಿಸೋಕೆ ಯಾವ ಶಂಕುಸ್ಥಾಪನೆಯೂ ಆಗಲ್ಲ. ವೋಟು ಒಡೆಯುತ್ತೆ.

ಅಷ್ಟರಲ್ಲಿ ನಮ್ಮ ಹುಡುಗ ಟ್ರೈಪಾಡ್ ಇಟ್ಟಿದ್ದ. "ಅಜ್ಜಾ, ಈ ಕೆರೆ ಕೋಡಿ ಎಲ್ಲಿದೆ? ಅದನ್ನೇ ಶೂಟ್ ಮಾಡ್ತೀನಿ" ಅಂದ. ಯಜಮಾನರು ಏರಿಯ ಕೊನೆಯ ಲಂಟಾನ ಪೊದೆಯ ಕಡೆ ಕೈ ತೋರಿಸಿದರು.