ಶೇ. 80 ವಂಶ, ಮಿಕ್ಕಿದ್ದು ಮುದ್ದೆಯೇ?

ಎಚ್.ಡಿ. ಕೋಟೆ ಬಳಿಯ ಹ್ಯಾಂಡ್‌ಪೋಸ್ಟ್‌ನ ಓದುಗರೊಬ್ಬರು ಕೇಳಿದ್ದಾರೆ: ‘ಎತ್ತರದಲ್ಲಿ ಶೇ. 80 ವಂಶದ್ದು ಅಂತ ಓದಿದೆ. ಹಾಗಾದರೆ ಊಟದ ಪಾಲು ಬರೀ 20 ತಾನೆ? ನಮ್ಮ ಕಡೆ ಕಾಡಂಚಿನ ಹಾಡಿಗಳ ಬುಡಕಟ್ಟಿನವರು ಗಿಡ್ಡಗಿರುವುದು ರಕ್ತದಲ್ಲೇ ಬಂದದ್ದೆ?’

80 ಸುಳ್ಳಲ್ಲ. ಅವಳಿಗಳ ಅಧ್ಯಯನದಲ್ಲಿ ಮತ್ತೆಮತ್ತೆ ಸಿಗುವ ಅಂಕಿ ಅದು. 2022ರಲ್ಲಿ ವಿಜ್ಞಾನಿಗಳು 54 ಲಕ್ಷ ಜನರ ಡಿಎನ್‌ಎ ಜಾಲಾಡಿ, ಎತ್ತರದ ಜೊತೆ ನಂಟಿರುವ 12,111 ಗುರುತುಗಳನ್ನು ಪಟ್ಟಿ ಮಾಡಿದ್ದೂ ಆಯಿತು. ಎಡವಟ್ಟಾಗಿರುವುದು ನೂರರಲ್ಲಿ ಎಂಬತ್ತು ಕಳೆಯುವ ಲೆಕ್ಕದಲ್ಲಿ.

ಅಮೆರಿಕದ ರಿಚರ್ಡ್ ಲೆವಾಂಟಿನ್ 1970ರಲ್ಲಿ ಮೆಕ್ಕೆಜೋಳ ಹಿಡಿದು ವಿವರಿಸಿದ್ದನ್ನು ಕೋಟೆ ಸೀಮೆಯ ರಾಗಿಯಲ್ಲಿ ಹೇಳುತ್ತೇನೆ. ಬೆರಕೆ ನಾಟಿ ರಾಗಿಯ ಒಂದು ಚೀಲ ತನ್ನಿ. (ಇಂಡಾಫ್‌ನಂಥ ಸುಧಾರಿತ ತಳಿ ಬೇಡ, ಒಂದೇ ತಳಿಯಾದರೆ ಕಾಳುಕಾಳಿಗೂ ಭೇದವೇ ಇರದು.) ಅರ್ಧ ಚೀಲ ನಾಲೆ ಕೆಳಗಿನ, ಗೊಬ್ಬರ ಕಂಡ ಹೊಲಕ್ಕೆ, ಇನ್ನರ್ಧ ಕಾಡಂಚಿನ ಕಲ್ಲುಹೊಲಕ್ಕೆ. ನಾಲೆಯ ಹೊಲದಲ್ಲಿ ಎಲ್ಲ ಪೈರಿಗೂ ಒಂದೇ ನೀರು, ಒಂದೇ ಗೊಬ್ಬರ. ಅಲ್ಲಿ ಒಂದು ಪೈರು ಪಕ್ಕದ್ದಕ್ಕಿಂತ ಎದ್ದು ನಿಂತರೆ ಕಾರಣ ಬೀಜವೇ, ನೂರಕ್ಕೆ ನೂರು. ಕಲ್ಲುಹೊಲದೊಳಗೂ ಅಷ್ಟೇ. ಆದರೆ ಈ ಹೊಲದ ಪೈರು ಸೊಂಟಕ್ಕೆ, ಆ ಹೊಲದ್ದು ಮೊಣಕಾಲಿಗೆ ಬಂತಲ್ಲ, ಅದರಲ್ಲಿ ಬೀಜದ ಪಾತ್ರ ಸೊನ್ನೆ, ಚೀಲ ಒಂದೇ. ಶೇ. 80 ಎಂಬುದು ಒಂದು ಹೊಲದೊಳಗಿನ ಲೆಕ್ಕ. ಎರಡು ಹೊಲಗಳ ಅಂತರದ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ.

ಗಿಡ್ಡತನ ರಕ್ತದ್ದೇ ಎಂಬ ಎಣಿಕೆ ಹಳೆಯದು. ಮದರಾಸು ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ದಕ್ಷಿಣದ ಜಾತಿ, ಬುಡಕಟ್ಟುಗಳವರ ಎತ್ತರವನ್ನೂ ಮೂಗಿನ ಅಗಲವನ್ನೂ ಅಳೆದು 1909ರಲ್ಲಿ ಏಳು ಸಂಪುಟ ತಂದರು. ಅಂಥ ಅಳತೆಯಿಂದ ಕುಲ ಗೊತ್ತಾಗುತ್ತದೆಂಬ ನಂಬಿಕೆ ಆ ಕಾಲದ್ದು. ಕೊರಿಯಾ ನೋಡಿದ್ದರೆ ಏನನ್ನುತ್ತಿದ್ದರೋ! ದಕ್ಷಿಣ ಕೊರಿಯಾದಲ್ಲಿ 1896ರಲ್ಲಿ ಹುಟ್ಟಿದ ಹೆಂಗಸರಿಗಿಂತ 1996ರಲ್ಲಿ ಹುಟ್ಟಿದವರು ಸರಾಸರಿ 20 ಸೆಂ.ಮೀ. ಎತ್ತರ. ನಾಲ್ಕೈದು ತಲೆಮಾರಿನಲ್ಲಿ ವಂಶವಾಹಿ ಅಷ್ಟು ಬದಲಾಗದು. ಹಾಡಿಯವರ ವಂಶವಾಹಿಯಲ್ಲಿ ವ್ಯತ್ಯಾಸ ಇದ್ದರೂ ಇರಬಹುದು, ಆದರೆ ಕಲ್ಲುಹೊಲದ ಪೈರು ನೋಡಿ ಬೀಜಕ್ಕೆ ಬೆಲೆ ಕಟ್ಟುವುದು ನ್ಯಾಯವಲ್ಲ.

ಊಟದ ಲೆಕ್ಕ ಎಲ್ಲಿಂದ ಶುರು ಎಂಬುದಕ್ಕೆ ದಾಖಲೆ ಮೈಸೂರಿನಲ್ಲೇ ಇದೆ. ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಅಂದರೆ ಊರವರ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಬ್ರಿಟನ್ನಿನ ಡೇವಿಡ್ ಬಾರ್ಕರ್ ಅವರ ತಂಡ ಆ ಪುಸ್ತಕಗಳನ್ನು ಹಿಡಿದು, 1934–54ರಲ್ಲಿ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷಿಸಿತು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು: ಹುಟ್ಟುವಾಗ ಚಿಕ್ಕದಾಗಿ, ಗಿಡ್ಡಗಿದ್ದವರಲ್ಲೇ ಹೃದಯದ ಕಾಯಿಲೆ ಹೆಚ್ಚು. 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11, 3.1 ಕಿಲೋ ದಾಟಿದವರಲ್ಲಿ ಶೇ. 3. ತಾಯಿಯ ಹೊಟ್ಟೆಯೊಳಗೆ ಆದ ಕೊರತೆ ಬರೀ ಎತ್ತರದಲ್ಲಿ ನಿಲ್ಲಲಿಲ್ಲ. ಅದೇ ಪುಸ್ತಕಗಳಲ್ಲಿ ಬಸುರಿಯರ ತೂಕವೂ ಇತ್ತು. ತಾಯಿ 45 ಕಿಲೋಗಿಂತ ಕಡಿಮೆಯಿದ್ದು ಕೂಸೂ 2.5 ಕಿಲೋ ಮೀರದಿದ್ದ ಕಡೆ, ಆ ಕೂಸು ನಡುವಯಸ್ಸು ದಾಟುವ ಹೊತ್ತಿಗೆ ಹೃದಯರೋಗದ ಪ್ರಮಾಣ ಶೇ. 20.