ಡಂಗುರ ಸಾರುವ ಹೊತ್ತಿಗೆ

ವಿದ್ಯುತ್ ಯೋಜನೆಗಳ ಬಗ್ಗೆ ಜನರ ಅಹವಾಲು ಕೇಳುವ ಕ್ರಮವನ್ನು ವಿಧಿಸುವ 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ನಾಲ್ಕನೆಯ ಅನುಬಂಧವು ಓದಿದಷ್ಟೂ ಬೆರಗು ಹುಟ್ಟಿಸುವ ದಾಖಲೆಯಾಗಿದೆ. ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಹೊರಡಿಸಬೇಕೆಂದೂ, ಪತ್ರಿಕೆ ತಲುಪದ ಊರುಗಳಲ್ಲಿ ಡಂಗುರ ಹೊಡೆಸಿಯಾದರೂ ಸುದ್ದಿ ಮುಟ್ಟಿಸಬೇಕೆಂದೂ ಅದು ಹೇಳುತ್ತದೆ. ಉಪಗ್ರಹ ಯುಗದ ರಾಜ್ಯಪತ್ರದಲ್ಲಿ ಡಂಗುರಕ್ಕೆ ಜಾಗ ಸಿಕ್ಕಿರುವುದು ಹಳೆಯ ಕಾಲದ ಪಳೆಯುಳಿಕೆಯಲ್ಲ. ಓದು ಬಾರದವರೂ ಈ ಸಭೆಯ ಹಕ್ಕುದಾರರೇ ಎಂಬ ತಿಳಿವಳಿಕೆ ಅದರ ಹಿಂದಿದೆ. ಇಡೀ ಕಲಾಪದ ವಿಡಿಯೊ ಚಿತ್ರೀಕರಣ ನಡೆಯಬೇಕು, ಕೊನೆಯಲ್ಲಿ ನಡಾವಳಿಯನ್ನು ನೆರೆದವರಿಗೆ ಸ್ಥಳೀಯ ಭಾಷೆಯಲ್ಲಿ ವಿವರಿಸಿ ಓದಿ ಹೇಳಬೇಕು, ಆಮೇಲೆಯೇ ಅದಕ್ಕೆ ಸಹಿ ಬೀಳಬೇಕು. ಸಭೆ ಆರಂಭಿಸಲು ಕೋರಂ, ಅಂದರೆ ಇಂತಿಷ್ಟು ಜನರ ಹಾಜರಾತಿ, ಬೇಕಿಲ್ಲ. ಒಬ್ಬರೇ ಬಂದು ಮಾತನಾಡಿದರೂ ಆ ಮಾತು ದಾಖಲಾಗಲೇಬೇಕು.

ಇಷ್ಟು ಕಾಳಜಿಯಿಂದ ರೂಪಿಸಿದ ಸಭೆ ಎಷ್ಟು ತಡವಾಗಿ ನಡೆಯುತ್ತದೆ ಎಂಬುದು 2025ರ ಸೆಪ್ಟೆಂಬರ್‌ನಲ್ಲಿ ಶರಾವತಿ ಕಣಿವೆಯಲ್ಲಿ ಸ್ಪಷ್ಟವಾಯಿತು. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಕರ್ನಾಟಕ ವಿದ್ಯುತ್ ನಿಗಮ ಯೋಜಿಸಿರುವ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಘಟಕ ಹೊಸ ವಿದ್ಯುತ್ತನ್ನು ಹುಟ್ಟಿಸುವುದಿಲ್ಲ. ಬೇಡಿಕೆ ಕಡಿಮೆಯಿರುವಾಗ ಕೆಳಗಿನ ನೀರನ್ನು ಮೇಲಕ್ಕೆ ಎತ್ತಿ, ಬೇಡಿಕೆ ಏರಿದಾಗ ಅದನ್ನೇ ಇಳಿಸಿ ಟರ್ಬೈನ್ ತಿರುಗಿಸುವ ಈ ವಿಧಾನದಲ್ಲಿ ಸ್ಥೂಲವಾಗಿ ನಾಲ್ಕು ಯೂನಿಟ್ ಖರ್ಚಾದರೆ ಮೂರು ಯೂನಿಟ್ ಮರಳುತ್ತದೆ. ಸೌರ ಮತ್ತು ಪವನ ವಿದ್ಯುತ್ತನ್ನು ಕಾಪಿಡಲು ಇಂಥ ವ್ಯವಸ್ಥೆ ಬೇಕೆಂಬ ವಾದದಲ್ಲಿ ಹುರುಳಿದೆ. ಆದರೆ ಸಿಂಗಳೀಕಗಳ ಅಭಯಾರಣ್ಯದ ಅಡಿಯಲ್ಲೇ ಸುರಂಗ ಕೊರೆಯಬೇಕೇ, ಬ್ಯಾಟರಿ ಸಾಲದೇ, ಬೇರೆ ಜಾಗವಿಲ್ಲವೇ ಎಂದು ಜನ ಕೇಳುವ ಹೊತ್ತಿಗೆ ಜಲಾಶಯಗಳ ಆಯ್ಕೆಯಿಂದ ಸುರಂಗದ ದಾರಿಯವರೆಗೆ ಎಲ್ಲವೂ ನಕ್ಷೆಯ ಮೇಲೆ ನಿಗದಿಯಾಗಿತ್ತು. ಲಿಂಗನಮಕ್ಕಿಯ ಹಿನ್ನೀರಿಗೆ ಮನೆ, ತೋಟ, ಗದ್ದೆ ಬಿಟ್ಟುಕೊಟ್ಟ ಎಷ್ಟೋ ಕುಟುಂಬಗಳಿಗೆ ಅರುವತ್ತು ವರ್ಷ ಕಳೆದರೂ ಹಕ್ಕುಪತ್ರ ಸಿಗದಿರುವ ಸೀಮೆಯಲ್ಲಿ ವಿರೋಧ ಅಷ್ಟು ಗಟ್ಟಿಯಾಗಿ ಕೇಳಿಬಂದದ್ದು ಸಹಜವೇ ಆಗಿದೆ. ಪೂರ್ಣ ವರದಿ ಇಂಗ್ಲಿಷಿನಲ್ಲಿದ್ದು ಕನ್ನಡದಲ್ಲಿ ಸಾರಾಂಶವನ್ನಷ್ಟೇ ಕೊಟ್ಟರೆ ಸಾಕೆಂಬ ನಿಯಮವಂತೂ ಒಪ್ಪತಕ್ಕದ್ದಲ್ಲ. ಸುರಂಗದ ಆಳ, ಸ್ಫೋಟದ ಪ್ರಮಾಣ, ಮಣ್ಣು ಸುರಿಯುವ ಜಾಗ ಮುಂತಾಗಿ ಊರವರಿಗೆ ಬೇಕಾದ ವಿವರಗಳು ಸಾಮಾನ್ಯವಾಗಿ ಇರುವುದು ಆ ಪೂರ್ಣ ವರದಿಯಲ್ಲಿಯೇ.

ಇಷ್ಟಾದರೂ ಶರಾವತಿಗೆ ಸಭೆಯೊಂದು ದಕ್ಕಿತು. ಪಾವಗಡದ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರ ಪಾರ್ಕಿಗೆ ಅಂಥ ಸಭೆಯ ಕಡ್ಡಾಯವೇ ಇರಲಿಲ್ಲ, ಏಕೆಂದರೆ ಸೌರ ಫಲಕಗಳ ಸ್ಥಾವರಗಳು ಈ ಅಧಿಸೂಚನೆಯ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಜಮೀನಿದ್ದವರೊಂದಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗೇಣಿ ಗೊತ್ತಾಯಿತು. ಸ್ವಾಧೀನದ ಬದಲು ಗೇಣಿ ಎಂಬುದು ಮೆಚ್ಚತಕ್ಕ ಮಾದರಿಯೇ ಹೌದು. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೂ ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಪಹಣಿಯಲ್ಲಿ ಹೆಸರಿರಲಿಲ್ಲವಾದ್ದರಿಂದ ಆ ಗೇಣಿಯಲ್ಲಿ ಪಾಲು ಬರಲಿಲ್ಲ. ತಮ್ಮ ಮಾತನ್ನು ಹೇಳಿ ದಾಖಲೆಗೆ ಸೇರಿಸುವುದಕ್ಕೆ ಅಹವಾಲು ಸಭೆಯನ್ನು ಕೇಳುವ ಹಕ್ಕನ್ನೂ ಕಾನೂನು ಅವರಿಗೆ ಕೊಟ್ಟಿರಲಿಲ್ಲ.